ಜಾಲಿ ಮುಳ್ಳಿನ ಸುಳ್ಳು

ಮಹಾರಾಷ್ಟ್ರದ ಉಮರ್ಗಾದಿಂದ ನಮ್ಮೂರಿಗೆ ಡಾಂಬರು ರಸ್ತೆ ಇದೆ. ಊರಿಂದ ಹೊಲಕ್ಕೆ ಇರುವುದು ಪಾಣಂದ. ಎರಡೂ ಬದಿ ಜಾಲಿ, ನಡುವೆ ಬಂಡಿ ಹಾದಿ, ಅಡಿಯಲ್ಲಿ ಎರಿ ಮಣ್ಣು. ಮಿರಗದ ಮಳೆ ಒಂದು ಬಿದ್ದರೆ ಅಲ್ಲಿ ಕಾಲಿನ ಚಪ್ಪಲಿಯೂ ಕಾಲಲ್ಲಿ ಉಳಿಯುವುದಿಲ್ಲ. ನೀರು ಕುಡಿದು ಉಬ್ಬುವುದು, ಒಣಗಿ ಬಿರಿಯುವುದು, ನಡುವಿನ ದಿನಗಳಲ್ಲಿ ಸಿಕ್ಕಿದ್ದಕ್ಕೆಲ್ಲ ಅಂಟಿಕೊಳ್ಳುವುದು ಈ ಮಣ್ಣಿನ ಗುಣ. ಗಾಡಿಯ ಮಡ್‌ಗಾರ್ಡಿನೊಳಗೆ ಹೊಕ್ಕರೆ ಬೆಲ್ಲದ ಅಚ್ಚಿನ ಹಾಗೆ ಕೂತುಬಿಡುತ್ತದೆ. ಚಕ್ರ ತಿರುಗುವುದಿಲ್ಲ, ಕಡ್ಡಿಯಿಂದ ಕೆರೆದು ಹತ್ತು ಮಾರು ಹೋಗಬೇಕು, ಮತ್ತೆ ಕೆರೆಯಬೇಕು.

2021ರ ಡಿಸೆಂಬರಿನಲ್ಲಿ ರಾಯಲ್ ಎನ್‌ಫೀಲ್ಡ್‌ನ ಎರಡು ಹಿಮಾಲಯನ್ ಗಾಡಿಗಳು ದಕ್ಷಿಣ ಧ್ರುವ ಮುಟ್ಟಿದ ಸುದ್ದಿ ಮೊಬೈಲಿನಲ್ಲಿ ನೋಡಿದೆ. ಹಿಮಕ್ಕಾಗಿ ಆ ಗಾಡಿಗಳಲ್ಲಿ ಏನೇನು ಬದಲಿಸಿದ್ದರೆಂದು ಓದಿದೆ. ಮುಂದಿನ ಸ್ಪ್ರಾಕೆಟ್ 15 ಹಲ್ಲಿನದು ತೆಗೆದು 13 ಹಲ್ಲಿನದು. ಹಿಂದಿನ ಚಕ್ರಕ್ಕೆ ಎಳೆಯುವ ತಾಕತ್ತು ಅದರಿಂದ. ಮೊಳೆಯ ಟೈರು. ಮೆತ್ತನೆ ಹಿಮದ ಮೇಲೆ ಟೈರು ಅಗಲಗೊಂಡು ತೇಲಲಿ ಎಂದು ಗಾಳಿ ತೀರ ಕಡಿಮೆ. ಅಮೆರಿಕದಲ್ಲಂತೂ ಹಿಂದಿನ ಚಕ್ರವನ್ನೇ ಕಿತ್ತು ಪಟ್ಟೆ ಕೂರಿಸುತ್ತಾರೆ, ಮುಂದಿನ ಚಕ್ರದ ಜಾಗದಲ್ಲಿ ಜಾರುಹಲಗೆ. ಅದು ನಮಗೆ ಎಟುಕುವುದಲ್ಲ. ಆದರೆ ಸ್ಪ್ರಾಕೆಟ್ಟು, ಟೈರು, ಗಾಳಿ? ಹಿಮವೂ ಮೆತ್ತಗೆ, ರಾಡಿಯೂ ಮೆತ್ತಗೆ ಎಂದು ನನ್ನ ತಲೆ ಲೆಕ್ಕ ಹಾಕಿತು.

ಮನೆಯಲ್ಲಿದ್ದುದು 100 ಸಿಸಿಯ ಹಳೇ ಗಾಡಿ. ಬೇಸಿಗೆಯಲ್ಲೇ ಶುರು ಹಚ್ಚಿಕೊಂಡೆ. ಒಂದು ಹಲ್ಲು ಕಡಿಮೆಯ ಸ್ಪ್ರಾಕೆಟ್ ಹಾಕಿಸಿದೆ. ಸೊಲ್ಲಾಪುರದಿಂದ ಗಡ್ಡೆ ಗಡ್ಡೆಯ ಟೈರು ತಂದೆ. ಮುಂದಿನ ಮಡ್‌ಗಾರ್ಡ್ ಬಿಚ್ಚಿ ಅಟ್ಟಕ್ಕೆ ಎಸೆದೆ. ರಾಡಿ ತುಂಬಿಕೊಳ್ಳುತ್ತದೆಂದು ಚೈನ್ ಕವರನ್ನೂ ತೆಗೆದೆ. ಹಿಂದಿನ ಟೈರಿನ ಗಾಳಿ 12 ಪೌಂಡಿಗೆ ಇಳಿಸಿದೆ. ಮೊದಲ ಮಳೆಗೆ ಗಾಡಿ ಪಾಣಂದದಲ್ಲಿ ಹೋಯಿತು, ನಿಜವಾಗಿಯೂ ಹೋಯಿತು! ಊರ ಹುಡುಗರು ಕಟ್ಟೆಯ ಮೇಲಿಂದ ಎದ್ದು ನೋಡಿದರು. ಅಪ್ಪ ಮಾತ್ರ ಚೈನಿನ ಕಡೆ ನೋಡಿ, "ಬರೇ ಮೈಲೆ ಬಿಟ್ಟೀಯಲ್ಲೋ ಅದನ್ನ" ಅಂದ.

ವಾರಕ್ಕೆ ಚೈನು ಕಿರಗುಟ್ಟತೊಡಗಿತು. ರಾಡಿಯ ಜೊತೆ ಬಂದ ಮೊರಮಿನ ಹರಳು ಎಣ್ಣೆಗೆ ಕೂಡಿ ಅರೆಯುವ ಕಲ್ಲಾಗಿತ್ತು. ನಾನು ಪ್ರತಿ ಸಂಜೆ ಸರ್ವಿಸಿಂಗ್ ಅಂಗಡಿಯಲ್ಲಿ ಜೋರು ನೀರಿನ ಪೈಪು ಹಿಡಿಸಿ ತೊಳೆಸುತ್ತಿದ್ದೆ, ಚಂದ ಕಾಣಲಿ ಎಂದು. ಆ ನೀರು ಚಕ್ರದ ಬೇರಿಂಗಿನೊಳಗೆ ಹೊಕ್ಕು ಗ್ರೀಸು ತೊಳೆದದ್ದು ಆಮೇಲೆ ಗೊತ್ತಾಯಿತು. ಇವೆಲ್ಲ ತಿಳಿಯದೆ ಮಾಡಿದ ತಪ್ಪುಗಳು, ಹೋಗಲಿ. ಇನ್ನೊಂದನ್ನು ನೋಡಿಯೂ ಬಿಟ್ಟೆ. ಹಿಂದಿನ ಚಕ್ರದ ವಾಲ್ವಿನ ಮೂತಿ ನೆಟ್ಟಗಿರಲಿಲ್ಲ, ಓರೆಯಾಗಿತ್ತು. ಮೂರು ದಿನದಿಂದ ನೋಡುತ್ತಿದ್ದೆ, ದಿನದಿಂದ ದಿನಕ್ಕೆ ಹೆಚ್ಚು ಓರೆ.

ನಾಲ್ಕನೆಯ ದಿನ ಹೊಲಕ್ಕೆ ವಾಪ್ಸಾ ಬಂದಿತ್ತು. ಎರಿ ಹೊಲದಲ್ಲಿ ಬಿತ್ತುವ ಈ ಹದ ಬಹಳ ಹೊತ್ತು ಕಾಯುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಹೊಲದಲ್ಲಿ ನಿಂತಿತ್ತು, ಅಪ್ಪ ಅಲ್ಲೇ ಇದ್ದ. ಸೋಯಾ ಬೀಜದ ಎರಡು ಚೀಲ ನಾನು ಗಾಡಿಯ ಮೇಲೆ ತರಬೇಕಿತ್ತು. ಪಾಣಂದದ ನಡುವೆ ಎಕ್ಸಲೇಟರ್ ತಿರುವಿದಾಗ ಹಿಂದಿನಿಂದ ಬುಸ್ಸೆಂದಿತು. ಗಾಡಿ ಚೀಲಗಳ ಸಮೇತ ಪಕ್ಕಕ್ಕೆ ಮಲಗಿತು.

ಅಪ್ಪನಿಗೆ ಫೋನ್ ಮಾಡಿ, "ಜಾಲಿ ಮುಳ್ಳು ಚುಚ್ಚೇದ" ಅಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ತಾನೇ ಬಂತು. ಅಪ್ಪ ಬಂದು ಒಂದು ಚೀಲ ಹೊತ್ತ, ನಾನು ಇನ್ನೊಂದು. ಆ ರಾಡಿಯಲ್ಲಿ ಹೊಲ ಮುಟ್ಟುವಷ್ಟರಲ್ಲಿ ಟ್ರ್ಯಾಕ್ಟರಿನವನು ಬೇರೆಯವರ ಹೊಲಕ್ಕೆ ಹೋಗಿದ್ದ. ಅವನದೇನೂ ತಪ್ಪಿಲ್ಲ, ಅವನಿಗೂ ಅದೇ ಹದ. ರಾತ್ರಿ ಮಳೆ ಹಿಡಿಯಿತು. ನಮ್ಮ ಬಿತ್ತಿಗೆ ಒಂಬತ್ತು ದಿನ ಹಿಂದೆ ಬಿತ್ತು.

ಪಂಚರ್ ಅಂಗಡಿಯ ಚಾಚಾ ಟ್ಯೂಬ್ ತೆಗೆದು ನೀರಿಗೆ ಹಾಕಲೇ ಇಲ್ಲ. "ಮುಳ್ಳೆಲ್ಲಿ ಐತಪಾ? ವಾಲ್ ಬುಡಾನೇ ಕಿತ್ತೈತಿ. ಗಾಳಿ ಎಷ್ಟಿತ್ತು?" ಎಂದ. ಹೇಳಿದೆ. ಗಾಳಿ ಕಡಿಮೆಯಾದರೆ ಟೈರು ರಿಮ್ಮನ್ನು ಬಿಗಿಯಾಗಿ ಹಿಡಿಯುವುದಿಲ್ಲ. ಎಂಜಿನ್ ಎಳೆದಾಗೆಲ್ಲ ರಿಮ್ಮಿನ ಮೇಲೆ ಒಂದಿಷ್ಟೊಂದಿಷ್ಟು ಜಾರುತ್ತದೆ, ಟ್ಯೂಬನ್ನೂ ಜೊತೆಗೆ ಎಳೆಯುತ್ತದೆ. ವಾಲ್ವು ಮಾತ್ರ ರಿಮ್ಮಿನ ತೂತಿನಲ್ಲಿ ಸಿಕ್ಕಿಕೊಂಡಿರುತ್ತದೆ. ಓರೆಯಾಗಿ ಓರೆಯಾಗಿ ಒಂದು ದಿನ ಹರಿಯುತ್ತದೆ. ಧ್ರುವಕ್ಕೆ ಹೋದ ಗಾಡಿಗಳಿಗೆ ಟ್ಯೂಬೇ ಇರಲಿಲ್ಲ. ಆ ಸಾಲನ್ನೂ ನಾನು ಓದಿದ್ದೆ, ಖರ್ಚಿನ ಸಾಲೆಂದು ದಾಟಿಸಿದ್ದೆ. ಅಲ್ಲದೆ ಹಿಮದ ಮೇಲೆ ತೇಲಬೇಕು. ಮೇಲ್ಮೇಲೆ ತೊಯ್ದ ನಮ್ಮ ಎರಿಯಲ್ಲಿ ಟೈರು ಕೊರೆದು ಅಡಿಯ ಗಟ್ಟಿ ನೆಲ ಮುಟ್ಟಬೇಕು. ಟೈರು ಅಗಲವಾದಷ್ಟೂ ಅನುಕೂಲ ರಾಡಿಗೆ, ನಮಗಲ್ಲ.

ಮರುದಿನ ನಾನು ಅಂಗಡಿಯಿಂದ ಮರಳಿದಾಗ ಅಪ್ಪ ಮನೆಯಲ್ಲಿರಲಿಲ್ಲ. ಕೊಡಲಿ ತಗೊಂಡು ಪಾಣಂದಕ್ಕೆ ಹೋಗಿದ್ದ. ಮಗನ ಗಾಡಿಗೆ ಮುಳ್ಳು ಚುಚ್ಚಿದ ಕಡೆ ಹಾದಿಗೆ ಬಾಗಿದ ಜಾಲಿಯನ್ನೆಲ್ಲ ಎರಡು ದಿನ ಸವರಿದ. ಎರಡನೆಯ ಸಂಜೆ ಅಂಗೈಯಲ್ಲಿ ಮುಳ್ಳು ಮುರಿದುಕೊಂಡು ಬಂದ. ಅವ್ವ ಪಿನ್ನಿನಿಂದ ತೆಗೆದಳು. ಮೊಬೈಲಿನ ಬೆಳಕು ಹಿಡಿದವನು ನಾನು. ಆಗಲೂ ಹೇಳಲಿಲ್ಲ.

ಚೈನ್ ಕವರು, ಮಡ್‌ಗಾರ್ಡು ಈಗ ತಮ್ಮ ಜಾಗದಲ್ಲಿವೆ, ಗಾಳಿ ಕಂಪನಿ ಹೇಳಿದಷ್ಟೇ ಇದೆ. ರಾಡಿ ಇರುವ ದಿನ ಗಾಡಿ ಊರಲ್ಲೇ ನಿಲ್ಲುತ್ತದೆ, ನಾನು ನಡೆದು ಹೋಗುತ್ತೇನೆ. ನಮ್ಮ ಮನೆಮಾತು ಕನ್ನಡವಾದರೂ ಅಪ್ಪ ಕಲಿತದ್ದು ಮರಾಠಿ ಶಾಲೆ, ಕನ್ನಡ ಅಕ್ಷರ ಅವನಿಗೆ ಬರುವುದಿಲ್ಲ. ನಾನು ಬಸವಕಲ್ಯಾಣದ ಸೋದರತ್ತೆಯ ಮನೆಯಲ್ಲಿದ್ದು ಓದಿದವನು. ಅಪ್ಪ ಓದಲಾರ ಎಂಬ ಧೈರ್ಯದ ಮೇಲೆ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ಮನೆಯಲ್ಲಿ ಇನ್ನೂ ಹೇಳಿಲ್ಲ.