ಆ ಆರು ಸೆಕೆಂಡು

1997ರ ಡಿಸೆಂಬರ್ 28ರ ರಾತ್ರಿ. ಟೋಕಿಯೊದ ನರಿಟಾ ನಿಲ್ದಾಣದಿಂದ ಹೊನೊಲುಲುವಿಗೆ ಹೊರಟ ಯುನೈಟೆಡ್ ಏರ್‌ಲೈನ್ಸ್‌ನ 826ನೇ ವಿಮಾನ ನೆಲ ಬಿಟ್ಟು ಎರಡು ಗಂಟೆಯಾಗುತ್ತ ಬಂದಿದೆ. 31,000 ಅಡಿ ಎತ್ತರ. ಬೋಯಿಂಗ್ 747ರ ಒಡಲಲ್ಲಿ 374 ಪ್ರಯಾಣಿಕರು, 19 ಮಂದಿ ಸಿಬ್ಬಂದಿ. ಕೆಳಗೆ ಕತ್ತಲ ಪೆಸಿಫಿಕ್. ಆ ವಲಯದಲ್ಲಿ ಗಾಳಿ ಕೆರಳಿದೆ ಎಂಬ ಎಚ್ಚರಿಕೆ ಕಾಕ್‌ಪಿಟ್ ತಲುಪುತ್ತದೆ. ಸೀಟ್ ಬೆಲ್ಟ್ ದೀಪ ಹೊತ್ತಿಕೊಳ್ಳುತ್ತದೆ. ಕೆಲವರು ಬಕಲ್ ಬಿಗಿದುಕೊಳ್ಳುತ್ತಾರೆ, ಕೆಲವರು ಇಲ್ಲ. ಇನ್ನುಳಿದಿರುವುದು ಎರಡೇ ನಿಮಿಷ.

ಎದುರಿಗಿರುವ ಶತ್ರು ರೇಡಾರಿಗೂ ಕಾಣುವಂಥದ್ದಲ್ಲ. ಚಳಿಗಾಲದಲ್ಲಿ ಜಪಾನಿನಿಂದ ಪೂರ್ವಕ್ಕೆ ಹರಿಯುವ ಜೆಟ್ ಸ್ಟ್ರೀಮ್ ಭೂಮಿಯ ಅತಿ ಬಿರುಸಾದ ಗಾಳಿಗಳಲ್ಲೊಂದು. 1920ರ ದಶಕದಲ್ಲಿ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ ಬಲೂನುಗಳನ್ನು ಹಾರಿಬಿಟ್ಟು ಇದರ ಜಾಡು ಹಿಡಿದಿದ್ದರು. ಗಂಟೆಗೆ 300 ಕಿಲೊಮೀಟರ್ ಮೀರಿಯೂ ನುಗ್ಗಬಲ್ಲ ಈ ಪ್ರವಾಹದ ಮೇಲೂ ಕೆಳಗೂ ಗಾಳಿಯ ವೇಗ ಒಮ್ಮೆಲೇ ತಗ್ಗುತ್ತದೆ. ವೇಗದ ಪದರವೂ ನಿಧಾನದ ಪದರವೂ ಉಜ್ಜಿಕೊಳ್ಳುವ ಅಂಚಿನಲ್ಲಿ ಅಲೆ ಏಳುತ್ತದೆ, ಅಲೆ ಮಗುಚುತ್ತದೆ, ಸುಳಿಯಾಗಿ ಒಡೆಯುತ್ತದೆ. ಪೈಲಟ್‌ಗಳು ಇದನ್ನು ಕ್ಲಿಯರ್ ಏರ್ ಟರ್ಬ್ಯುಲೆನ್ಸ್ ಎನ್ನುತ್ತಾರೆ. ವಿಮಾನದ ರೇಡಾರ್ ಹುಡುಕುವುದು ಮೋಡದೊಳಗಿನ ನೀರ ಹನಿಗಳನ್ನು. ಹನಿಯಿಲ್ಲದ ಗಾಳಿ ಎಷ್ಟೇ ಭೋರ್ಗರೆದರೂ ಪರದೆ ಖಾಲಿ.

ತಿಳಿ ಆಕಾಶ ಎಷ್ಟು ಕ್ರೂರಿಯಾಗಬಲ್ಲದು ಎಂಬುದನ್ನು ಜಪಾನ್ ಮೊದಲೇ ಕಂಡಿತ್ತು. 1966ರ ಮಾರ್ಚ್ 5ರಂದು, ಹಾಡಹಗಲೇ, ಫ್ಯೂಜಿ ಪರ್ವತವನ್ನು ದಾಟಿ ಉರುಳಿಬಂದ ಗಾಳಿ ಬ್ರಿಟನ್ನಿನ ಬಿಒಎಸಿ ವಿಮಾನ ಕಂಪನಿಯ ಬೋಯಿಂಗ್ 707 ವಿಮಾನವನ್ನು ನಡುಗಗನದಲ್ಲೇ ಮುರಿದುಹಾಕಿತು. ಅದರಲ್ಲಿದ್ದ 124 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

826ರ ಮೇಲೆ ಮೊದಲ ಹೊಡೆತ ಬಿತ್ತು. ಅಷ್ಟು ದೊಡ್ಡ ವಿಮಾನವನ್ನು ಗಾಳಿ ಮೇಲಕ್ಕೆತ್ತಿ ಎಸೆಯಿತು. ಕುಳಿತವರ ಮೈಭಾರ ಒಂದೂ ಮುಕ್ಕಾಲು ಪಟ್ಟು ದಾಟಿತು. ಆಮೇಲೆ ಆರು ಸೆಕೆಂಡು ಚಿಲ್ಲರೆ. ಗಂಡಾಂತರ ಕಳೆಯಿತು ಎಂದು ನಂಬಿಬಿಡುವಷ್ಟು ಹೊತ್ತು. ಕೈ ತಡಕಾಡಿ ಬಕಲ್ ಸಿಕ್ಕಿಸಿಕೊಳ್ಳುವುದಕ್ಕೂ ಸಾಕಾಗುವಷ್ಟು ಹೊತ್ತು. ಇಡೀ ರಾತ್ರಿಯ ಬದುಕು, ಸಾವು ಆ ಆರು ಸೆಕೆಂಡಿನಲ್ಲಿತ್ತು.

ಮರುಕ್ಷಣ ವಿಮಾನ ಕುಸಿಯಿತು. ಬಲಕ್ಕೆ ವಾಲುತ್ತ, ಮೇಲಿನಿಂದ ಬಿಟ್ಟ ಕಲ್ಲಿಗಿಂತಲೂ ವೇಗವಾಗಿ ಕುಸಿಯಿತು! ಗುರುತ್ವವನ್ನು ಒಂದು 'ಜಿ' ಎಂದು ಅಳೆಯುವ ಉಪಕರಣದಲ್ಲಿ ದಾಖಲಾದದ್ದು ಮೈನಸ್ 0.824 ಜಿ. ಅಂದರೆ ಛಾವಣಿಯೇ ನೆಲವಾಯಿತು. ಬೆಲ್ಟ್ ಇಲ್ಲದವರು ಮೇಲಕ್ಕೆ 'ಬಿದ್ದರು'. ತಲೆ, ಕತ್ತು, ಭುಜ ಯಾವುದು ಮುಂದಿತ್ತೋ ಅದು ಹೋಗಿ ಛಾವಣಿಗೆ ಬಡಿಯಿತು. ಕೌಂಟರ್ ಹಿಡಿದು ನಿಂತಿದ್ದ ಪರ್ಸರ್, ಅಂದರೆ ಕ್ಯಾಬಿನ್ ಸಿಬ್ಬಂದಿಯ ಹಿರಿಯರು, ಒಬ್ಬರು ಕೈ ಬಿಡಲಿಲ್ಲ. ಕಾಲು ಮೇಲಾಗಿ, ತಲೆ ಕೆಳಗಾಗಿ ಜೋತಾಡಿದರು. ಅಷ್ಟರಲ್ಲಿ ವಿಮಾನ ಎಡಕ್ಕೆ ಹೊರಳುತ್ತ ಮತ್ತೆ ಮೇಲೆದ್ದಿತು, ಛಾವಣಿಗೆ ಅಂಟಿದವರೆಲ್ಲ ಸೀಟುಗಳ ಮೇಲೆ, ನಡುದಾರಿಯಲ್ಲಿ ದೊಪದೊಪನೆ ಉದುರಿದರು. ವಿಮಾನ ಕಳೆದುಕೊಂಡ ಎತ್ತರ ಸುಮಾರು 100 ಅಡಿ, ಅಷ್ಟೇ. 31,000 ಅಡಿಯಲ್ಲಿ ಅದೊಂದು ಲೆಕ್ಕವೇ ಅಲ್ಲ. ಮೂಳೆಗೆ ಮಾತ್ರ ಅದೇ ಲೆಕ್ಕ.

ನಡುದಾರಿಯಲ್ಲಿ ಜಪಾನಿ ಮಹಿಳೆಯೊಬ್ಬರು ಪ್ರಜ್ಞೆ ತಪ್ಪಿ, ರಕ್ತ ಸುರಿಸುತ್ತ ಬಿದ್ದಿದ್ದರು. ಅವರ ಬೆಲ್ಟ್ ಬಿಗಿದಿರಲಿಲ್ಲ. ಪ್ರಯಾಣಿಕರ ನಡುವೆಯೇ ಇದ್ದ ವೈದ್ಯರೊಬ್ಬರು ಧಾವಿಸಿದರು. ಉಸಿರು ಮರಳಿಸುವ ಯತ್ನಗಳೆಲ್ಲ ನಡೆದವು. ಜೀವ ಉಳಿಯಲಿಲ್ಲ. ಹದಿನೆಂಟು ಮಂದಿಗೆ ತೀವ್ರ ಪೆಟ್ಟು, ಬೆನ್ನು ಕತ್ತುಗಳ ಮೂಳೆ ಮುರಿತ. ಅವರಲ್ಲಿ ಮೂವರು ಸಿಬ್ಬಂದಿ. ಒಟ್ಟು ಗಾಯಾಳುಗಳು ನೂರು ದಾಟಿದ್ದರು.

ಹೊನೊಲುಲು ಇನ್ನೂ ದೂರ. ಪೈಲಟ್‌ಗಳು ವಿಮಾನವನ್ನು ಟೋಕಿಯೊದತ್ತ ತಿರುಗಿಸಿದರು. ಬರುವಾಗ ಬೆನ್ನು ತಳ್ಳಿದ ಪಡುವಣ ಗಾಳಿ ಈಗ ಮೂತಿಗೆ ಎದುರು. ಎರಡು ಗಂಟೆಯ ದಾರಿ ಹಿಂತಿರುಗಲು ಮೂರು ಗಂಟೆ ಹಿಡಿಯಿತು. ಸಾಗರದ ನಡುವೆ ಇಳಿಯಲು ಜಾಗವಿಲ್ಲ; ಮತ್ತೊಂದು ಹೊಡೆತ ಬಂದರೆ ತಿಳಿಯುವ ದಾರಿಯೂ ಇಲ್ಲ. ಮೂಳೆ ಮುರಿದವರು ಆ ಮೂರು ಗಂಟೆ ಕಳೆದ ಬಗೆ ನೆನೆದರೆ ಇವತ್ತಿಗೂ ಎದೆ ಹಿಂಡುತ್ತದೆ.

ಸಾಹಸವೆಂದರೆ ಇದೇ ಎಂದು ನಾನು ಬಲವಾಗಿ ನಂಬುತ್ತೇನೆ: ತಾವೇ ಪೆಟ್ಟು ತಿಂದ ಸಿಬ್ಬಂದಿ ಉಳಿದ ಮುನ್ನೂರು ಚಿಲ್ಲರೆ ಜನರನ್ನು ದಡ ಮುಟ್ಟಿಸಿದ್ದು. 826ಕ್ಕೆ ಆರು ಸೆಕೆಂಡಾದರೂ ಸಿಕ್ಕಿತ್ತು; ಎಲ್ಲ ವಿಮಾನಗಳಿಗೂ ಅದು ಸಿಗುವುದಿಲ್ಲ. 2024ರ ಮೇ ತಿಂಗಳಲ್ಲಿ, ಮ್ಯಾನ್ಮಾರ್‌ನ ಐರಾವತಿ ಬಯಲಿನ ಮೇಲೆ, ಸಿಂಗಪುರ ಏರ್‌ಲೈನ್ಸ್‌ನ 321ನೇ ವಿಮಾನದಲ್ಲಿ ಪ್ಲಸ್ 1.35 ಜಿ ಎಂಬುದು ಮೈನಸ್ 1.5ಕ್ಕೆ ಉರುಳಲು ಹಿಡಿದದ್ದು 0.6 ಸೆಕೆಂಡು. ಅಲ್ಲಿ ಕೆಳಗೆ ಬೆಳೆಯುತ್ತಿದ್ದ ಮೋಡಗಳ ಕೈವಾಡವಿದ್ದಿರಬಹುದು. ಆದರೆ ಮೋಡವಿಲ್ಲದ ಕಡೆಯೂ ಆಕಾಶ ಒರಟಾಗುತ್ತಿದೆ. ಉತ್ತರ ಅಟ್ಲಾಂಟಿಕ್‌ನ ದಟ್ಟ ವಿಮಾನ ಮಾರ್ಗದಲ್ಲಿ 1979ರಿಂದ 2020ರೊಳಗೆ ತೀವ್ರ ಸ್ವರೂಪದ ಕ್ಲಿಯರ್ ಏರ್ ಟರ್ಬ್ಯುಲೆನ್ಸ್ ಶೇ. 55ರಷ್ಟು ಹೆಚ್ಚಿದೆ ಎಂದು ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದ ಅಧ್ಯಯನ 2023ರಲ್ಲಿ ತೋರಿಸಿತು.

1997ರ ಆ ಡಿಸೆಂಬರ್ 29ರ ನಸುಕಿಗೆ ಮುಂಚೆ 826 ನರಿಟಾದಲ್ಲಿ ಸುರಕ್ಷಿತವಾಗಿ ಇಳಿಯಿತು. ಕೆಲವೇ ತಿಂಗಳಲ್ಲಿ ನಿವೃತ್ತಿಯಾಗಬೇಕಿದ್ದ ಹಳೆಯ ವಿಮಾನವದು. ಆ ರಾತ್ರಿಯ ನಂತರ ಅದು ಮತ್ತೆಂದೂ ಪ್ರಯಾಣಿಕರನ್ನು ಹೊರಲಿಲ್ಲ.