ಹಳದಿ ಹಾಳೆಗೆ ಅಂಟಿದ್ದು

ನಿನ್ನೆ ಸಂಜೆ ಟೊಮೆಟೊ ಸಾಲಿನಿಂದ ಹಳದಿ ಅಂಟು ಹಾಳೆಗಳನ್ನೆಲ್ಲ ಬಿಚ್ಚಿ ತಂದು ಜಗಲಿ ಮೇಲೆ ಹರಡಿದೆ. ಒಂದು ಎಕರೆಗೆ ಹತ್ತು ಕಟ್ಟಿದ್ದೆ. ಬಿಳಿ ನೊಣ ಎಷ್ಟು ಬಂದಿದೆ ಅಂತ ತಿಳಿಯೋಕೆ ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. ಎಲೆ ಮುದುಡೋ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಹೊತ್ತು ತರೋದು ಇದೇ ನೊಣ. ಹಳದಿ ಬಣ್ಣ ಕಂಡರೆ ಅದಕ್ಕೆ ತಡೆಯೋಕಾಗಲ್ಲ. ಯೋಚನೆ ಮಾಡಿ ಬರೋದಲ್ಲ, ಕಣ್ಣೇ ಎಳ್ಕೊಂಡು ಬರುತ್ತೆ. ಬಂದು ಕೂತರೆ ಮುಗೀತು.

ಕನ್ನಡಕ ಹಾಕ್ಕೊಂಡು ಒಂದು ಹಾಳೆ ನೋಡಿದೆ. ಬಿಳಿ ನೊಣ ಇದ್ದವು, ಹೇನು ಇದ್ದವು. ಅವುಗಳ ನಡುವೆ ಹದಿನಾರು ಗುಲಗಂಜಿ ಹುಳ, ಎಣಿಸೋಕೆ ಬೇಜಾರಾಗುವಷ್ಟು ಸಣ್ಣ ಸಣ್ಣ ಕಣಜ. ಗುಲಗಂಜಿ ಹುಳ ಹೇನು ತಿಂದು ಬದುಕೋದು. ಆ ಕಣಜಗಳಲ್ಲಿ ಎಷ್ಟೋ ಜಾತಿ ಕೀಟದ ಮೈಯೊಳಗೇ ಮೊಟ್ಟೆ ಇಟ್ಟು ಕೀಟವನ್ನು ಮುಗಿಸೋದು. ಎರಡೂ ಸಂಬಳ ಕೇಳದೆ ನಮ್ಮ ಪರ ದುಡಿಯೋ ಜೀವಗಳು. ಬಿಳಿ ನೊಣ ಕಡಿಮೆಯಾಗಿ ಮೂರು ವಾರ ಆಗಿತ್ತು. ಆದ್ರೂ ಹಾಳೆ ಬಿಚ್ಚಿರಲಿಲ್ಲ, ಅದು ನನ್ನ ಸೋಮಾರಿತನ. ಹಾಳೆ ಮಾತ್ರ ತನ್ನ ಪಾಡಿಗೆ ತಾನು ಹಿಡೀತಾನೇ ಇತ್ತು.

ತಮ್ಮನ ಮಗಳು ಶನಿವಾರ ಭಾನುವಾರಕ್ಕೆ ಬೆಂಗಳೂರಿಂದ ಬಂದಿದ್ದಳು. ಮೊಬೈಲ್ ಆ್ಯಪ್‌ಗಳನ್ನು ಡಿಸೈನ್ ಮಾಡೋ ಕೆಲಸ ಅವಳದು. ಯಾವ ಬಟನ್ ಎಲ್ಲಿರಬೇಕು, ಯಾವ ಬಣ್ಣ ಇರಬೇಕು, ನೋಟಿಫಿಕೇಶನ್ ಎಷ್ಟು ಹೊತ್ತಿಗೆ ಹೋಗಬೇಕು ಅನ್ನೋದೆಲ್ಲ. ಪಕ್ಕದಲ್ಲೇ ಕೂತು ಹಾಳೆ ನೋಡ್ತಾ ಇದ್ದವಳು ಮೆಲ್ಲಗೆ ಅಂದಳು: "ನಮ್ಮ ಆಫೀಸ್ ಕೆಲಸವೂ ಹಿಂಗೇ ಇದೆ ದೊಡ್ಡಪ್ಪ. ಯಾವ ಬಣ್ಣಕ್ಕೆ ಯಾರು ಬರ್ತಾರೆ ಅಂತ ನೋಡೋದು."

ಆಗ ಅವಳಿಗೆ ಹೋದ ವರ್ಷದ ಕತೆ ಹೇಳಿದೆ. ನಿಮಗೂ ಹೇಳಿರಲಿಲ್ಲ, ಯಾಕಂದ್ರೆ ಅದರಲ್ಲಿ ನನ್ನ ದಡ್ಡತನವೂ ಇದೆ.

ಊರಲ್ಲಿ ಹತ್ತಾರು ಜನ ಒಂದು ಕೃಷಿ ಆ್ಯಪ್ ಹಾಕ್ಕೊಂಡಿದ್ವಿ. ಹೆಸರು ಬೇಡ. ಮೊದಲು ಚೆನ್ನಾಗಿತ್ತು. ಹವಾಮಾನ, ಮಾರ್ಕೆಟ್ ರೇಟು, ರೋಗದ ಫೋಟೊ. ಆಮೇಲಾಮೇಲೆ ಕೆಂಪು ಅಕ್ಷರದಲ್ಲಿ ಮೆಸೇಜ್ ಬರೋಕೆ ಶುರುವಾಯ್ತು: "ನಿಮ್ಮ ಟೊಮೆಟೊ ಅಪಾಯದಲ್ಲಿದೆ! ಈಗಲೇ ನೋಡಿ." ಎದೆ ಧಸಕ್ಕೆನ್ನುತ್ತೆ. ತೆರೆದು ನೋಡಿದರೆ ಮುಂದಿನ ವಾರ ಮೋಡ ಇರಬಹುದು ಅಂತ ಒಂದು ಸಾಲು, ಕೆಳಗೆ ಅಂಗಮಾರಿಗೆ ಔಷಧಿ, ಅದರ ಕೆಳಗೆ ಕೊಳ್ಳೋ ಬಟನ್. ಒಂದೇ ವಾರದಲ್ಲಿ ಮೂರು ಸಲ ಬಂತು. ಸುಡುಬಿಸಿಲಿತ್ತು. ಪಕ್ಕದ ಹೊಲದವರು ಹೆದರಿ ಎರಡು ಸಲ ಹೊಡೆದರು. ಔಷಧಿ, ಕೂಲಿ ಸೇರಿ ಮೂರೂವರೆ ಸಾವಿರ. ಗಿಡದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

ನಾನು ಬುದ್ಧಿವಂತ ಅಂದ್ಕೊಂಡು ನೋಟಿಫಿಕೇಶನ್ನೇ ಆಫ್ ಮಾಡಿದೆ. ಕಾರ್ತಿಕದಲ್ಲಿ ಐದು ದಿನ ಜಡಿಮಳೆ ಹಿಡಿಯಿತು. ಅದೇ ವಾರ ನಾವು ಮದುವೆಗೆ ಅಂತ ಊರಲ್ಲಿರಲಿಲ್ಲ. ತಂಪು, ಮೋಡ, ಎಲೆ ಒಣಗೋಕೇ ಬಿಡದ ಹನಿ, ಅಂಗಮಾರಿಗೆ ಇನ್ನೇನು ಬೇಕು? ವಾಪಸ್ ಬರೋ ಹೊತ್ತಿಗೆ ಕೆಳಗಿನ ಅರ್ಧ ಎಕರೆ ಸುಟ್ಟ ಹಾಗೆ ಕಪ್ಪಾಗಿತ್ತು. ಆಮೇಲೆ ಆ್ಯಪ್ ತೆರೆದು ನೋಡಿದೆ. ಮಳೆಗೆ ಎರಡು ದಿನ ಮುಂಚೆಯೇ ಎಚ್ಚರಿಕೆ ಬಂದಿತ್ತು. ಆ ಸಲದ್ದು ನಿಜವಾದ ಎಚ್ಚರಿಕೆ. ಅಕ್ಷರ ಮಾತ್ರ ಅದೇ ಕೆಂಪು, ವಾಕ್ಯವೂ ಅದೇ.

ತೋಳ ಬಂತು ತೋಳ ಅನ್ನೋ ಹುಡುಗನ ಕತೆ ನಾವೆಲ್ಲ ಓದಿದವರೇ. ಕತೆಯಲ್ಲಿ ಹುಡುಗ ತಮಾಷೆಗೆ ಕೂಗಿದ. ಇಲ್ಲಿ ಯಾಕೆ ಕೂಗಿದರು?

ಅದನ್ನೇ ಅವಳಿಗೆ ಕೇಳಿದೆ. ಅವಳು ಹೇಳಿದ್ದು ನನಗೆ ಹೊಸದು.

"ಆ ಕಂಪನಿದು ನನಗೆ ಗೊತ್ತಿಲ್ಲ ದೊಡ್ಡಪ್ಪ, ಆದ್ರೆ ಸಾಮಾನ್ಯವಾಗಿ ನಡೆಯೋದು ಹಿಂಗೆ. ಅರ್ಧ ಜನಕ್ಕೆ ಒಂದು ವಾಕ್ಯ ಕಳಿಸ್ತಾರೆ, ಇನ್ನರ್ಧ ಜನಕ್ಕೆ ಇನ್ನೊಂದು. 'ಈ ವಾರ ಮೋಡ ಇರಬಹುದು, ಎಲೆ ನೋಡ್ತಾ ಇರಿ' ಅಂತ ಒಂದು. 'ನಿಮ್ಮ ಬೆಳೆ ಅಪಾಯದಲ್ಲಿದೆ' ಅಂತ ಇನ್ನೊಂದು. ಯಾವುದನ್ನ ಹೆಚ್ಚು ಜನ ಒತ್ತಿದರೋ ಅದು ಉಳಿಯುತ್ತೆ. ಸುಳ್ಳು ಹೇಳಬೇಕು ಅಂತ ಯಾರೂ ಕೂತಿರಲ್ಲ. ಲೆಕ್ಕಾನೇ ಆರಿಸುತ್ತೆ."

"ಸರಿ ಕಣಮ್ಮ, ಆದ್ರೆ ಏನನ್ನ ಲೆಕ್ಕ ಹಾಕಬೇಕು ಅಂತ ಆರಿಸಿದ್ದು ಯಾರು? ಒತ್ತಿದವರನ್ನ ಎಣಿಸಿದರು. ಒತ್ತಿ ಆದ್ಮೇಲೆ ಸುಮ್ಮನೆ ಔಷಧಿ ಹೊಡೆದವರನ್ನ ಎಣಿಸಿದರಾ? ನನ್ನ ಹಾಗೆ ಬೇಸತ್ತು ಆಫ್ ಮಾಡಿ ಬೆಳೆ ಕಳ್ಕೊಂಡವರನ್ನ?"

ಅವಳು ಉತ್ತರ ಕೊಡಲಿಲ್ಲ. ಹಾಳೆ ಮೇಲಿದ್ದ ಗುಲಗಂಜಿ ಹುಳ ನೋಡ್ತಾ ಇದ್ದಳು.

ರಾತ್ರಿ ಊಟ ಆದ್ಮೇಲೆ ಮಾತು ಮುಂದುವರೀತು. ಈ ವಿದ್ಯೆಯ ಬೇರು ಹಳೇದು ಅಂತ ಅವಳೇ ಹೇಳಿದಳು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಕೊಕ್ಕಿನಿಂದ ಕುಟ್ಟಿದರೆ ಕಾಳು. ಇಷ್ಟು ಸಲ ಕುಟ್ಟಿದರೆ ಕಾಳು ಗ್ಯಾರಂಟಿ ಅಂತಿದ್ದರೆ, ಕಾಳು ತಿಂದು ಪಾರಿವಾಳ ಸ್ವಲ್ಪ ಸುಮ್ಮನಿರುತ್ತೆ. ಯಾವಾಗ ಬೀಳುತ್ತೆ ಅಂತ ಗೊತ್ತಿಲ್ಲದಿದ್ದರೆ ಬಿಡದೆ ಕುಟ್ಟುತ್ತೆ. ಚಾರ್ಲ್ಸ್ ಫರ್ಸ್ಟರ್ ಜೊತೆ ಸೇರಿ ಇದನ್ನೆಲ್ಲ 1957ರಲ್ಲಿ ದೊಡ್ಡ ಪುಸ್ತಕವಾಗಿಯೇ ತಂದರು. ಇಸ್ಪೀಟ್ ಎಲೆ ಮುಂದೆ ಬೆಳಗಾನ ಕೂರೋರನ್ನು ನೋಡಿದವರಿಗೆ ಪುಸ್ತಕ ಬೇಕಿಲ್ಲ. ಈಗ ಬೆರಳಲ್ಲಿ ಸ್ಕ್ರೀನ್ ಕೆಳಗೆ ಎಳೆದು ಬಿಡ್ತೀವಲ್ಲ, ಹೊಸದು ಏನಾದ್ರೂ ಬಂತಾ ಅಂತ? ಅದೂ ಅದೇ ಕುಟ್ಟೋದು.

ಇನ್ನೊಂದು ಹೇಳಿದಳು. ಮೊದಲು ಇಂಟರ್ನೆಟ್ಟಿನಲ್ಲಿ ಪುಟ ಮುಗೀತಿತ್ತು, ಕೆಳಗೆ 'ಮುಂದಿನ ಪುಟ' ಅಂತ ಒತ್ತಬೇಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ಅನ್ನೋ ಡಿಸೈನರ್ ಮುಗಿಯದೆ ಜಾರುತ್ತಲೇ ಹೋಗೋ ಪುಟದ ವಿನ್ಯಾಸ ಮಾಡಿದರು. ಓದೋರಿಗೆ ಒತ್ತೋ ಶ್ರಮ ಉಳೀಲಿ ಅನ್ನೋದು ಉದ್ದೇಶ. ಅದು ಜನರ ಎಷ್ಟು ಹೊತ್ತು ನುಂಗಿತು ಅಂತ ನೋಡಿ, ಆಮೇಲೆ ಅವರೇ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ನನಗೆ ಬದು ನೆನಪಾಯ್ತು. ಉಳುಮೆಗೆ ಅಡ್ಡ ಅಂತ ಬದು ಕಿತ್ತರೆ ಟ್ರ್ಯಾಕ್ಟರ್ ಸಲೀಸಾಗಿ ಓಡುತ್ತೆ. ಮೊದಲ ಜೋರು ಮಳೆಗೆ ಮೇಲ್ಮಣ್ಣೂ ಅಷ್ಟೇ ಸಲೀಸಾಗಿ ಓಡುತ್ತೆ. ಬದು ಇದ್ದಿದ್ದೇ ನಿಲ್ಲಿಸೋಕೆ.

"ಇಷ್ಟ ಇಲ್ಲದಿದ್ರೆ ಫೋನ್ ಪಕ್ಕಕ್ಕಿಡಲಿ ಅಂತಾರೆ ನಮ್ಮ ಮ್ಯಾನೇಜರು" ಅಂದಳು.

ಆ ಮಾತಲ್ಲೂ ನಿಜ ಇದೆ. ನಾವು ಬಿಳಿ ನೊಣ ಅಲ್ಲ, ಎದ್ದು ಹೋಗೋ ಶಕ್ತಿ ನಮಗಿದೆ. ರಾತ್ರಿ ತ್ರೀ ಫೇಸ್ ಕರೆಂಟಿಗೆ ಕಾಯ್ತಾ ಪಂಪ್ ಮನೇಲಿ ಕೂತು ರೀಲ್ಸ್ ನೋಡಿ ನೋಡಿ, ಕರೆಂಟ್ ಬಂದು ಮುಕ್ಕಾಲು ಗಂಟೆ ಆದ್ರೂ ಗೇಟ್ ವಾಲ್ವ್ ತಿರುಗಿಸೋದು ಮರೆತವನು ನಾನೇ. ನನ್ನ ಕೈ ಯಾರೂ ಕಟ್ಟಿರಲಿಲ್ಲ. ಆದ್ರೆ ತಕ್ಕಡಿ ನೋಡಿ. ಒಂದು ಕಡೆ ದಿನವೆಲ್ಲ ದುಡಿದು ಕಣ್ಣು ಎಳೀತಿರೋ ಒಬ್ಬ. ಇನ್ನೊಂದು ಕಡೆ ಅವನು ಯಾವ ಹೊತ್ತಿಗೆ ಸೋಲ್ತಾನೆ ಅಂತ ಸಾವಿರ ಸಲ ಪರೀಕ್ಷೆ ಮಾಡಿ ತಿಳಿದಿರೋ ಒಂದು ತಂಡ. ಎದುರಿನವನ ಬಲಹೀನತೆ ಗೊತ್ತಿದ್ದೇ ಕೆಲಸ ಮಾಡುವವನ ಜವಾಬ್ದಾರಿ ಯಾವತ್ತೂ ಒಂದು ತೂಕ ಜಾಸ್ತಿ. ವೈದ್ಯರಿಗೆ ಹಂಗೇ ಅಲ್ವಾ? ಬೀಜ ಮಾರೋನಿಗೆ ಹಂಗೇ ಅಲ್ವಾ?

ಆಮೇಲೆ ಅವಳು ತನ್ನ ಹೊಟ್ಟೆಯಲ್ಲಿದ್ದದ್ದು ಹೇಳಿದಳು. ಮಕ್ಕಳು ಪಾಠ ಕಲಿಯೋ ಒಂದು ಆ್ಯಪ್‌ಗೆ ಅವಳು ದಿನದ ಸರಪಳಿ ಡಿಸೈನ್ ಮಾಡಿದ್ದಳು. ದಿನಾ ತೆರೆದರೆ ಒಂದು ಕೊಂಡಿ ಸೇರುತ್ತೆ, ಒಂದು ದಿನ ತಪ್ಪಿದರೆ ಎಲ್ಲ ಸೊನ್ನೆ. ಅದರಿಂದ ಮಕ್ಕಳು ಬರೋದು ಜಾಸ್ತಿಯಾಯ್ತು ಅಂತ ಆಫೀಸಲ್ಲಿ ಚಪ್ಪಾಳೆ. ಆಮೇಲೆ ಒಬ್ಬ ತಾಯಿ ಬರೆದಿದ್ದರಂತೆ: ಮಗನಿಗೆ ನೂರಮೂರು ಜ್ವರ, ರಾತ್ರಿ ಹತ್ತೂವರೆಗೆ ಎದ್ದು ಕೂತು ಅಳ್ತಾ ಆ್ಯಪ್ ತೆರೆದಿದಾನೆ, ಸರಪಳಿ ಕಡಿದುಹೋಗುತ್ತೆ ಅಂತ.

"ಆ ಮಗು ಆವತ್ತು ತೆರೆದಿದ್ದೂ ನಮ್ಮ ಲೆಕ್ಕದಲ್ಲಿ ಗೆಲುವೇ ದೊಡ್ಡಪ್ಪ" ಅಂದಳು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ವಿ.

ಅದು ಹದಿನಾರು ಗುಲಗಂಜಿ ಹುಳದಲ್ಲಿ ಒಂದು ಅನ್ನಿಸ್ತು ನನಗೆ. ಅದನ್ನ ಹಿಡೀಬೇಕು ಅಂತ ಯಾರೂ ಹಾಳೆ ಕಟ್ಟಲಿಲ್ಲ. ಆದ್ರೂ ಕಟ್ಟಿದವರು ಬಂದು ನೋಡಬೇಕು. ಬೇಕಾದ್ದು ಎಷ್ಟು ಅಂಟಿತು ಅಂತ ಎಣಿಸಿ ಖುಷಿಪಟ್ಟರೆ ಸಾಲದು, ಬೇಡದ್ದು ಏನು ಅಂಟಿದೆ ಅಂತಲೂ ಎಣಿಸಬೇಕು. ಕೆಲಸ ಮುಗಿದ ಮೇಲೆ ಬಿಚ್ಚಬೇಕು. ನೈತಿಕತೆ ಅಂದ್ರೆ ನನ್ನಂಥವನಿಗೆ ಅರ್ಥವಾಗೋದು ಇಷ್ಟು.

ಕಾನೂನೂ ಸ್ವಲ್ಪ ಎಚ್ಚೆತ್ತಿದೆ. ಗ್ರಾಹಕರನ್ನು ಮರುಳು ಮಾಡೋ 13 ಬಗೆಯ ವಿನ್ಯಾಸಗಳನ್ನು ಪಟ್ಟಿ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸುಳ್ಳು ಅವಸರ ಹುಟ್ಟಿಸಿ ಕೊಳ್ಳುವಂತೆ ಮಾಡೋದು, ಮೇಲಿಂದ ಮೇಲೆ ಕಾಡೋದು, ಎರಡೂ ಆ ಪಟ್ಟಿಯಲ್ಲಿವೆ. ಆದ್ರೆ ಅದು ಮುಖ್ಯವಾಗಿ ವ್ಯಾಪಾರದ ಮೋಸಕ್ಕೆ. ಜ್ವರದ ಮಗುವಿನ ಹತ್ತೂವರೆ ಗಂಟೆಯನ್ನ ಕಾಯೋಕೆ ಆ ಡಿಸೈನ್ ಮಾಡಿದವರ ಮನಸ್ಸೇ ಬೇಕು.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಿಬಿಡ್ತೀನಿ. ಎರಡು ವರ್ಷದ ಹಿಂದೆ ಇದೇ ಪೇಜಲ್ಲಿ ಕೊಳೆತ ಟೊಮೆಟೊ ಫೋಟೊ ಹಾಕಿ "ಈ ತಪ್ಪು ಮಾಡಿದ್ರೆ ಇಡೀ ಬೆಳೆ ನಾಶ!" ಅಂತ ತಲೆಬರಹ ಕೊಟ್ಟಿದ್ದೆ. ನನ್ನ ಯಾವ ಬರಹಕ್ಕೂ ಬರದಷ್ಟು ಲೈಕ್ ಅದಕ್ಕೆ ಬಂತು. ಅದು ಬರೀ ಕ್ಯಾಲ್ಸಿಯಂ, ನೀರಿನ ಏರುಪೇರಿನಿಂದ ಹಣ್ಣಿನ ಬುಡ ಕಪ್ಪಾಗೋದು, ಒಳಗೆ ಓದಿದ್ರೆ ಗೊತ್ತಾಗ್ತಿತ್ತು. ಒಬ್ಬರು ಫೋಟೊ ಮಾತ್ರ ನೋಡಿ ಶಿಲೀಂಧ್ರದ ಔಷಧಿ ತಂದು ಹೊಡೆದು, ಆಮೇಲೆ ಫೋನ್ ಮಾಡಿದ್ದರು. ಅವರು ಬೈಯಲಿಲ್ಲ, "ನೀವು ಹಾಕಿದ್ರಲ್ಲ ಅಂತ ನಂಬಿದೆ" ಅಂದರು. ಬೈದಿದ್ದರೇ ಚೆನ್ನಾಗಿತ್ತು. ಆಮೇಲೆ 'ತುರ್ತು' ಅನ್ನೋ ಪದ ನಾನು ಇಲ್ಲಿ ಒಂದೇ ಸಲ ಬರೆದಿದೀನಿ, ಆ ಜಡಿಮಳೆ ವಾರ ಊರಿಗೆ ವಾಪಸ್ ಬಂದ ರಾತ್ರಿ. ಹಳಬರಿಗೆ ನೆನಪಿರಬಹುದು.

ಭಾನುವಾರ ಸಂಜೆ ಬಸ್ ಹತ್ತೋ ಮುಂಚೆ ಅವಳು ಹೇಳಿದಳು. ತಿಂಗಳಿಗೆ ಎರಡು ದಿನ ರಜೆ ತಗೊಂಡರೂ ಸರಪಳಿ ಕಡಿಯದ ಹಾಗೆ ಮಾಡೋಣ, ರಾತ್ರಿ ಎಂಟರ ಮೇಲೆ ಮಕ್ಕಳಿಗೆ ಮೆಸೇಜ್ ಬೇಡ ಅಂತ ಈ ವಾರದ ಮೀಟಿಂಗಲ್ಲಿ ಇಡ್ತಾಳಂತೆ. ಲೆಕ್ಕ ಇಳಿಯುತ್ತೆ, ಒಪ್ಪದೆಯೂ ಇರಬಹುದು. "ಆ ತಾಯಿ ಕಾಗದಾನೂ ಮೀಟಿಂಗಲ್ಲಿ ಓದ್ತೀನಿ" ಅಂದಳು. ಓದು ಮಗಾ, ಅಂದೆ. ಒಂದು ಬುಟ್ಟಿ ಟೊಮೆಟೊ ಕಟ್ಟಿಕೊಟ್ಟೆ.

ಇವತ್ತು ಬೆಳಿಗ್ಗೆ ಹೀರೇಕಾಯಿ ಚಪ್ಪರದ ಕಡೆ ಹೋಗಿ ಅಲ್ಲಿದ್ದ ಹಾಳೆಗಳನ್ನೂ ನೋಡಿದೆ. ನಾಲ್ಕು ಬಿಚ್ಚಿದೆ, ಎರಡು ಬಿಟ್ಟೆ. ಆ ಎರಡಕ್ಕೆ ದಾರ ಕಟ್ಟಿ ಚೀಟಿಯಲ್ಲಿ ತಾರೀಖು ಬರೆದಿದೀನಿ. ಹತ್ತು ದಿನ ಬಿಟ್ಟು ಬಂದು ನೋಡಬೇಕು.