ಕಲಾಯಿ ಮಾಸದ ದನಿ

ನಮ್ಮ ಬೀದಿಗೆ ಕಲಾಯಿ ಸಾಬರು ಬಂದರೆ ಅಜ್ಜಿಗೆ ಹಬ್ಬ. ಅವರು ತಿದಿಯೊತ್ತಿ ಹಿತ್ತಾಳೆ ಪಾತ್ರೆ ಕಾಯಿಸಿ, ನವಸಾಗರ ಉಜ್ಜಿ, ತವರ ಸವರಿದರೆ ಒಳಗೆಲ್ಲ ಬೆಳ್ಳಿಯ ಹೊಳಪು. ಅಜ್ಜಿ ಅದರಲ್ಲಿ ಮೊದಲು ಬರೀ ನೀರು ಕುದಿಸಿ ರುಚಿ ನೋಡುತ್ತಿದ್ದಳು. ನೀರು ನೀರಿನಂತೆಯೇ ಇದ್ದರೆ ಪಾತ್ರೆ ಸರಿ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಯಾರ ಕೈಯಡುಗೆಯಾದರೂ ಕಿಲುಬಿನದೇ ರುಚಿ.

ಸ್ಪೀಕರಿನ ಮಾತು ಬಂದಾಗಲೆಲ್ಲ ನನಗೆ ಆ ಪಾತ್ರೆ ನೆನಪಾಗುತ್ತದೆ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ ಬಂದ ದನಿಯನ್ನು ಎಲ್ಲೂ ಏರಿಸದೆ, ಇಳಿಸದೆ ಹೊರಬಿಡುವುದೇ ಫ್ಲಾಟ್ ರೆಸ್ಪಾನ್ಸ್. ‘ಅದು ಸಪ್ಪೆ ಕಣಯ್ಯಾ’ ಅನ್ನುವ ಗೆಳೆಯರು ನನಗಿದ್ದಾರೆ. ಬೇಸ್ ಎತ್ತಿದ ಪೆಟ್ಟಿಗೆ ಅಂಗಡಿಯಲ್ಲಿ ಎರಡು ನಿಮಿಷ ಕುಣಿಸುವುದೂ ನಿಜ. ಮನೆಗೆ ತಂದು ಕಚೇರಿ ಹಾಕಿ ನೋಡಿ: ಮೃದಂಗದ ಗುಮ್ಕಿ, ವೀಣೆಯ ಮಂದ್ರ ಎರಡೂ ಒಂದೇ ಗುಂಯ್.

ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಫ್ಲಾಯ್ಡ್ ಟೂಲ್ 1980ರ ದಶಕದಲ್ಲಿ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು, ಎಲ್ಲವನ್ನೂ ಒಂದೇ ದನಿಮಟ್ಟಕ್ಕೆ ತಂದು ಜನರಿಗೆ ಕೇಳಿಸಿದರು. ಹೆಸರು, ಬೆಲೆ ಕಣ್ಣಿಗೆ ಬೀಳದಿದ್ದಾಗ ಹೆಚ್ಚಿನವರು ಮೆಚ್ಚಿದ್ದು ನೇರಕ್ಕೂ ಪಕ್ಕಕ್ಕೂ ಏರುಪೇರಿಲ್ಲದೆ ದನಿ ಬಿಡುವ ಪೆಟ್ಟಿಗೆಗಳನ್ನು. ಸಪ್ಪೆ ಎಂಬ ದೂರಿಗೆ ನನ್ನ ಬಳಿ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಹೆಡ್‌ಫೋನಿನ ಲೆಕ್ಕ ಬೇರೆ. ಎದುರಿನ ದನಿ ಕಿವಿಯ ತಮಟೆಗೆ ತಾಗುವಷ್ಟರಲ್ಲಿ ನಮ್ಮ ತಲೆ, ಕಿವಿಯ ಹಾಲೆ, ಸುಮಾರು ಎರಡೂವರೆ ಸೆಂಟಿಮೀಟರಿನ ಕಿವಿನಾಳ ಸೇರಿ 3,000 ಹರ್ಟ್ಸ್ ಆಸುಪಾಸನ್ನು ಹತ್ತು ಡೆಸಿಬೆಲ್‌ಗೂ ಹೆಚ್ಚು ಎತ್ತಿರುತ್ತವೆ. ಹುಟ್ಟಿದಂದಿನಿಂದ ಮಿದುಳಿಗೆ ಅದೇ ರೂಢಿ. ಹಾಗಾಗಿ ತಮಟೆಯ ಬಳಿ ಅಳೆದಾಗ ಸಮರೇಖೆ ತೋರುವ ಹೆಡ್‌ಫೋನು ಕೇಳಲು ಮಂಕು. ಹರ್ಮನ್ ಸಂಸ್ಥೆಯಲ್ಲಿ ಶಾನ್ ಆಲಿವ್ ಮತ್ತು ಸಂಗಡಿಗರು ಕೇಳುಗರನ್ನು ಕೂರಿಸಿ ಕಂಡುಕೊಂಡದ್ದೂ ಇದನ್ನೇ: ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರಿನಂತೆ ಕೇಳಿಸುವ ಹೆಡ್‌ಫೋನು ಜನಕ್ಕೆ ಹಿತ. ಕಾಗದದ ಗೆರೆ ನೆಟ್ಟಗಿದ್ದರೆ ಸಾಲದು, ಕಿವಿಗೆ ನೆಟ್ಟಗಿರಬೇಕು.

ಕೋಣೆಯೂ ಸುಮ್ಮನಿರುವುದಿಲ್ಲ. ನಾನು ಸ್ಪೀಕರುಗಳನ್ನು ಗೋಡೆಯ ಮೂಲೆಗೆ ಒತ್ತಿ ಇಟ್ಟಿದ್ದೆ, ತಗ್ಗುದನಿ ಉಬ್ಬಿಕೊಂಡಿತ್ತು. ಎರಡು ಅಡಿ ಈಚೆಗೆ ಎಳೆದ ಮೇಲೆ ಗುಮ್ಕಿ ಗುಮ್ಕಿಯಾಯಿತು. ರಾತ್ರಿ ಮೆಲ್ಲಗೆ ಹಾಕಿದಾಗ ತಗ್ಗುದನಿ ಇನ್ನೂ ಬಡವಾಗುತ್ತದೆ. ಅದು ಪೆಟ್ಟಿಗೆಯ ತಪ್ಪಲ್ಲ, ನಮ್ಮ ಕಿವಿಯ ಗುಣ. ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅದನ್ನು ಅಳೆದಿದ್ದರು. ಆಗ ಬೇಸನ್ನು ಒಂದಿಷ್ಟು ಏರಿಸಿಕೊಳ್ಳುವುದು ಊಟಕ್ಕೆ ಕೂತಾಗ ಉಪ್ಪು ಬಡಿಸಿಕೊಂಡ ಹಾಗೆ. ಉಪ್ಪು ಎಲೆಯ ತುದಿಯಲ್ಲಿರಲಿ, ಪಾತ್ರೆಯ ಮೈಗೆ ಅಂಟಿರುವುದು ಬೇಡ.

ಅಜ್ಜಿಯ ನೀರಿನ ಜಾಗದಲ್ಲಿ ನನಗಿರುವುದು ತಂಬೂರಿ. ಹೊಸ ಪೆಟ್ಟಿಗೆ ಎದುರಿಗಿದ್ದರೆ ಮೊದಲು ಬರೀ ಶ್ರುತಿ ಹಾಕಿ ಕೂರುತ್ತೇನೆ. ಕುದುರೆಯ ಮೇಲೆ ಒಂದೆಳೆ ದಾರ ಸರಿಸಿ ಸರಿಸಿ ಹುಡುಕಿದ ಜೀವಾಳ ಅದು. ಮಂದ್ರದ ತಂತಿಯೊಳಗಿಂದ ಸ್ವಯಂಭೂ ಗಾಂಧಾರ, ಷಡ್ಜದ ಮೈಮೇಲೆ ಬೀಳದೆ, ತನ್ನ ಪಾಲಿನಷ್ಟೇ ಎದ್ದು ಬಂದರೆ ಸಾಕು, ಆಮೇಲೆ ಕಚೇರಿ ಹಾಕುತ್ತೇನೆ.